ಬೆನ್ನಿಗೆ ಸ್ಕ್ರೂ ಹಾಕಿಸಿದ ಮೇಲೆ ಬದುಕು ಎಷ್ಟು ಸುಧಾರಿಸುತ್ತದೆ? ಸಂಶೋಧನೆ ಏನು ಹೇಳುತ್ತಿದೆ?

ಫಿಸಿಯೋ, ಸೇಡಂ ರೋಡ್

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಬೆನ್ನಿನ ಆಪರೇಷನ್ ಆದವರು, ಮಾಡಿಸಬೇಕಾ ಬೇಡವಾ ಅಂತ ಯೋಚಿಸುತ್ತಿರುವವರು ದಿನವೂ ಬರುತ್ತಾರೆ. ಕೆಲವರಿಗೆ ಸೊಲ್ಲಾಪುರದಲ್ಲಿ ಆಗಿರುತ್ತದೆ, ಕೆಲವರಿಗೆ ಹೈದರಾಬಾದಿನಲ್ಲಿ. ಈಗೀಗ ಇಲ್ಲೇ ಮಾಡಿಸಿಕೊಳ್ಳುವವರೂ ಜಾಸ್ತಿ ಆಗಿದ್ದಾರೆ. ಎಲ್ಲರ ಪ್ರಶ್ನೆಯೂ ಒಂದೇ: "ಸ್ಕ್ರೂ ಹಾಕಿಸಿದ ಮೇಲೆ ನಾನು ಮೊದಲಿನ ಹಂಗ ಆಗ್ತೀನಾ?"

ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಹೇಳುವವರನ್ನು ನಂಬಬೇಡಿ. ಇದರ ಮೇಲೆ ಬಂದಿರುವ ಸಂಶೋಧನೆಗಳನ್ನು ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ಅದರಲ್ಲಿ ನಮ್ಮ ಜನಕ್ಕೆ ಬೇಕಾದದ್ದನ್ನು ಇಲ್ಲಿ ಹಾಕುತ್ತೇನೆ.

ಸ್ಕ್ರೂ ಹಾಕುವ ಈ ಆಪರೇಷನ್ನಿಗೆ ಫ್ಯೂಷನ್ ಅನ್ನುತ್ತಾರೆ. ಫ್ಯೂಷನ್ ಅಂದರೆ ಬೆನ್ನೆಲುಬಿನ ಎರಡು ಅಥವಾ ಜಾಸ್ತಿ ಮಣಿಗಳನ್ನು ಒಂದೇ ಎಲುಬಾಗಿ ಕೂಡಿಸುವುದು. ಸ್ಕ್ರೂ, ರಾಡ್ ಎಲ್ಲ ತಾತ್ಕಾಲಿಕ ಆಸರೆ. ಸ್ಲ್ಯಾಬ್ ಗಟ್ಟಿಯಾಗುವ ತನಕ ಕೆಳಗೆ ಸೆಂಟ್ರಿಂಗ್ ನಿಲ್ಲಿಸುತ್ತಾರಲ್ಲ, ಹಾಗೆ. ನಿಜವಾಗಿ ಕೂಡಬೇಕಾದದ್ದು ಎಲುಬು. ಅದಕ್ಕೆ ತಿಂಗಳುಗಟ್ಟಲೆ ಸಮಯ ಬೇಕು. 1911ರಲ್ಲಿ ನ್ಯೂಯಾರ್ಕಿನಲ್ಲಿ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಇದನ್ನು ಶುರು ಮಾಡಿದರು. ಆಗ ಸ್ಕ್ರೂ ಗೀಕ್ರೂ ಇರಲಿಲ್ಲ. ಬೆನ್ನೆಲುಬಿನ ಟಿಬಿಗೆ ಮಾಡುತ್ತಿದ್ದ ಆಪರೇಷನ್ ಅದು.

ಆಮೇಲೆ ಬಹಳ ವರ್ಷ "ಆಪರೇಷನ್ ಸಕ್ಸಸ್" ಅಂದರೆ ಎಕ್ಸ್‌ರೇಯಲ್ಲಿ ಎಲುಬು ಕೂಡಿದೆ ಅಂತಲೇ ಅರ್ಥ. ರೋಗಿಗೆ ಹೇಗನ್ನಿಸುತ್ತಿದೆ ಅಂತ ಅಳತೆ ಮಾಡಿ ನೋಡಿದವರು ಕಡಿಮೆ. 1980ರಲ್ಲಿ ಇಂಗ್ಲೆಂಡಿನ ಜೆರೆಮಿ ಫೇರ್‌ಬ್ಯಾಂಕ್ ಮತ್ತು ಜೊತೆಗಾರರು ಆಸ್ವೆಸ್ಟ್ರಿ ಫಾರಂ ಪ್ರಕಟಿಸಿದರು. ನೋವು, ಮೈ ತೊಳೆದು ಬಟ್ಟೆ ಹಾಕಿಕೊಳ್ಳುವುದು, ಭಾರ ಎತ್ತುವುದು, ನಡೆಯುವುದು, ಕೂರುವುದು, ನಿಲ್ಲುವುದು, ನಿದ್ದೆ, ದಾಂಪತ್ಯ, ಜನರ ಜೊತೆ ಬೆರೆಯುವುದು, ಪ್ರಯಾಣ. ಹೀಗೆ 10 ವಿಷಯ. ಪ್ರತಿಯೊಂದಕ್ಕೂ 0ಯಿಂದ 5 ಅಂಕ, ಒಟ್ಟು ಸೇರಿಸಿ ನೂರಕ್ಕೆ ಲೆಕ್ಕ ಹಾಕುತ್ತಾರೆ. ಅಂಕ ಜಾಸ್ತಿ ಇದ್ದಷ್ಟೂ ತೊಂದರೆ ಜಾಸ್ತಿ. 1992ರಲ್ಲಿ ಎಸ್‌ಎಫ್-36 ಬಂತು, ಅದು ಒಟ್ಟಾರೆ ಆರೋಗ್ಯದ ಬಗ್ಗೆ 36 ಪ್ರಶ್ನೆಗಳ ಫಾರಂ. ಅದರಲ್ಲಿ ಅಂಕ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಇಕ್ಯೂ-5ಡಿ ಅನ್ನುವ ಚಿಕ್ಕ ಫಾರಂ ಕೂಡ ಇದೆ. ಅದರಲ್ಲಿ ಐದೇ ಪ್ರಶ್ನೆ, ಒಂದು ಮನಸ್ಸಿನ ಬೇಸರ, ಆತಂಕದ ಬಗ್ಗೆ.

ಈಗ ದೊಡ್ಡ ಅಧ್ಯಯನಗಳೆಲ್ಲ ಇಂಥ ಫಾರಂ ಇಟ್ಟುಕೊಂಡೇ ಫಲಿತಾಂಶ ಹೇಳುತ್ತವೆ. ಎಕ್ಸ್‌ರೇ ಎರಡನೇ ಸಾಲಿಗೆ ಹೋಗಿದೆ. ಆದರೆ ನಮ್ಮ ಕಡೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಇಂಥ ಅಂಕ ಬರೆದದ್ದು ನನ್ನ ಕಣ್ಣಿಗೆ ಬೀಳುವುದೇ ಅಪರೂಪ. ನಿಮ್ಮ ಅನುಭವ ಬರೆಯಿರಿ.

ಆಳಂದದ ಮಗಳು

ಇದು ನಮ್ಮ ಅವ್ವನ ಕಥೆಯೇ ಅನ್ನಿಸಿತು ಅಣ್ಣಾ. ಮಣಿ ಜಾರಿದೆ, ಎಲ್4-ಎಲ್5 (ಸೊಂಟದ ನಾಲ್ಕನೇ, ಐದನೇ ಮಣಿ) ಅಂದರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಫ್ಯೂಷನ್ ಆಯಿತು. ಕಾಲಿನ ಸೆಳೆತ ಹೋಯಿತು, ಅದನ್ನು ಒಪ್ಪಲೇಬೇಕು. ಮೊದಲು ಓಣಿ ದಾಟುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದಳು. ಈಗ ಗುಡಿಗೆ ಒಬ್ಬಳೇ ಹೋಗಿ ಬರುತ್ತಾಳೆ.

ಆದರೆ ನೆಲದ ಮೇಲೆ ಕೂತು ರೊಟ್ಟಿ ಬಡಿಯಲು ಆಗುತ್ತಿಲ್ಲ. ನಮ್ಮ ಮನೆಯಲ್ಲಿ ಒಲೆ ನೆಲದ ಮೇಲೇ ಇದೆ. ಕೂತು, ಮುಂದೆ ಬಾಗಿ, ಹಿಟ್ಟು ನಾದಿ, ಬಡಿದು, ಎತ್ತಿ ಹಂಚಿಗೆ ಹಾಕಬೇಕು. ನಾಲ್ಕನೇ ರೊಟ್ಟಿಗೇ ಸೊಂಟ ಹಿಡಿದುಕೊಳ್ಳುತ್ತಾಳೆ. ಈಗ ನಾನು ಮಾಡುತ್ತೇನೆ. ಅವಳು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು "ದಪ್ಪ ಆತು, ಇನ್ನಷ್ಟು ಬಡಿ" ಅನ್ನುತ್ತಾಳೆ. ಡಾಕ್ಟರಿಗೆ ಹೇಳಿದರೆ ಎಕ್ಸ್‌ರೇ ಲೈಟಿಗೆ ಹಿಡಿದು "ಫಸ್ಟ್ ಕ್ಲಾಸ್ ಕೂಡಿದೆ, ಏನೂ ತೊಂದರೆ ಇಲ್ಲ" ಅಂದರು. ಅವ್ವ ಮನೆಗೆ ಬಂದು ಅತ್ತಳು. ತಾನು ಸುಮ್ನೆ ನೆಪ ಹೇಳುತ್ತಿದ್ದೇನೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ ಅಂತ ಅವಳಿಗೆ ಅನ್ನಿಸಿದೆ. ನೀವು ಹೇಳುವ ಆ ಫಾರಂನಲ್ಲಿ ಇದನ್ನು ಕೇಳುತ್ತಾರಾ?

ಫಿಸಿಯೋ, ಸೇಡಂ ರೋಡ್

ಕೇಳುವುದಿಲ್ಲ ತಂಗಿ. ನನಗೂ ಬೇಸರ ಇರುವುದು ಅಲ್ಲೇ. ಆಸ್ವೆಸ್ಟ್ರಿ ಫಾರಂನ ಕೂರುವ ಪ್ರಶ್ನೆಯಲ್ಲಿ ಇರುವುದು ಕುರ್ಚಿ. ಯಾವ ಕುರ್ಚಿಯಲ್ಲಾದರೂ ಎಷ್ಟು ಹೊತ್ತು ಕೂರಬಲ್ಲಿರಿ, ಒಂದು ಗಂಟೆಯಾ, ಅರ್ಧ ಗಂಟೆಯಾ ಅಂತ. ನಿಮ್ಮ ಅವ್ವ ಅದಕ್ಕೆ ಒಳ್ಳೆ ಅಂಕವನ್ನೇ ಪಡೆಯುತ್ತಾರೆ. ನಡೆಯುವುದರಲ್ಲೂ ಅಂಕ ಸುಧಾರಿಸಿದೆ. ಕಾಗದದ ಮೇಲೆ ಅವರು ಗೆದ್ದಿದ್ದಾರೆ. ಆದರೆ ಅವರ ದಿನ ಶುರುವಾಗುತ್ತಿದ್ದದ್ದೇ ಒಲೆ ಮುಂದೆ. ಆ ಲೆಕ್ಕ ಎಲ್ಲೂ ಸೇರಲಿಲ್ಲ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂತು ಶೌಚ, ಬಗ್ಗಿ ತೊಗರಿ ಕೊಯ್ಯುವುದು. ನಮ್ಮ ಜಿಲ್ಲೆಯಲ್ಲಿ ಬದುಕಿನ ಗುಣಮಟ್ಟ ಅಂದರೆ ಇದೇ ಅಲ್ವಾ? ದಾಂಪತ್ಯದ ಪ್ರಶ್ನೆಯನ್ನಂತೂ ನಮ್ಮ ಹೆಂಗಸರು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟದ್ದನ್ನು ಬಿಟ್ಟು ಉಳಿದ ಪ್ರಶ್ನೆಗಳಿಂದ ಲೆಕ್ಕ ಹಾಕಲು ನಿಯಮವೇ ಇದೆ. ಆದರೆ ಆ ತೊಂದರೆ ಇದ್ದರೂ ಯಾರಿಗೂ ಗೊತ್ತಾಗದೆ ಹೋಗುತ್ತದೆ.

ಇನ್ನೊಂದು ಮಾತು. ನೋವು ಬೇರೆ, ಬಿಗಿತ ಬೇರೆ. ಎಲುಬು ಕೂಡಿದ ಜಾಗ ಬಾಗುವುದಿಲ್ಲ, ಅದು ಫ್ಯೂಷನ್ನಿನ ಉದ್ದೇಶವೇ. ಈ ಬಿಗಿತದಿಂದ ದಿನದ ಕೆಲಸಕ್ಕೆ ಎಷ್ಟು ತೊಡಕು ಅಂತ ಅಳೆಯಲು ಅಮೆರಿಕದಲ್ಲಿ ರಾಬರ್ಟ್ ಹಾರ್ಟ್ ಮತ್ತು ಜೊತೆಗಾರರು ಬೇರೆಯೇ ಪ್ರಶ್ನೆಪಟ್ಟಿ ಮಾಡಿದ್ದಾರೆ. ಕೂಡಿಸಿದ ಮಣಿಗಳು ಹೆಚ್ಚಾದಷ್ಟೂ ಬಿಗಿತದ ತೊಡಕೂ ಹೆಚ್ಚುತ್ತದೆ. ಒಂದೇ ಹಂತ, ಅಂದರೆ ಪಕ್ಕಪಕ್ಕದ ಎರಡು ಮಣಿ ಮಾತ್ರ, ಕೂಡಿಸಿದವರಿಗೆ ಅದು ಅಷ್ಟಾಗಿ ಕಾಡುವುದಿಲ್ಲ.

ಹಾಗಾಗಿ ಅವ್ವನ ವಿಷಯದಲ್ಲಿ ಆಸೆ ಬಿಡಬೇಡಿ. ಅವರಿಗೆ ಕೂಡಿಸಿದ್ದು ಒಂದೇ ಹಂತ. ಚಕ್ಕಳಮಕ್ಕಳ ಕೂರಲು ಮುಖ್ಯವಾಗಿ ಬೇಕಾದದ್ದು ಚಪ್ಪೆ ಕೀಲು (ತೊಡೆ ಸೊಂಟಕ್ಕೆ ಸೇರುವ ಕೀಲು) ಮತ್ತು ಮೊಣಕಾಲು. ಸೊಂಟ ಬಾಗಿಸಿ ತುಂಬಾ ಹೊತ್ತು ಮುಂದೆ ಚಾಚುವುದೇ ಅವರಿಗೆ ಕಷ್ಟವಾಗುತ್ತಿರಬೇಕು. ಆಪರೇಷನ್ ಮಾಡಿದವರನ್ನೇ ಒಮ್ಮೆ ಕೇಳಿ, ಒಪ್ಪಿದರೆ ಸೊಂಟದೆತ್ತರಕ್ಕೆ ಒಂದು ಶಹಾಬಾದ್ ಕಲ್ಲಿನ ಕಟ್ಟೆ ಹಾಕಿಸಿ. ನಮ್ಮಲ್ಲಿಗೆ ಬರುವ ಒಬ್ಬ ತಾಯಿ ಈಗ ಹಾಗೇ ಮಾಡುತ್ತಾರೆ. ನಿಂತೇ ಬಡಿಯುತ್ತಾರೆ. ರೊಟ್ಟಿ ಹಂಚಿಗೆ ಹಾಕುವಾಗ ಸೊಂಟ ತಿರುಚದೆ ಪಾದ ಸಮೇತ ಇಡೀ ಮೈ ತಿರುಗಿಸುತ್ತಾರೆ. ಹಾಕಿದ ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರುವಾಗ ಎಡಗೈಯನ್ನು ಕಟ್ಟೆಗೆ ಊರಿಕೊಳ್ಳುತ್ತಾರೆ. ಇದನ್ನು ಕಲಿಯಲು ಅವರಿಗೆ ಕೆಲವು ವಾರ ಬೇಕಾಯಿತು.

ಯಾದಗಿರಿ ಮೇಷ್ಟ್ರು

ಒಳ್ಳೆ ಚರ್ಚೆ. ನನಗೂ ಮಣಿ ಜಾರಿ ನರದ ದಾರಿ ಕಿರಿದಾಗಿದೆ ಅಂದಿದ್ದಾರೆ. ಒಬ್ಬ ಡಾಕ್ಟರು "ನರ ಬಿಡಿಸಿದರೆ ಸಾಕು" ಅಂದರು. ಇನ್ನೊಬ್ಬರು "ಸ್ಕ್ರೂ ಹಾಕಲೇಬೇಕು" ಅಂದರು. ಇಬ್ಬರೂ ಓದಿದವರೇ. ಯಾರ ಮಾತು ಕೇಳಬೇಕು?

ಫಿಸಿಯೋ, ಸೇಡಂ ರೋಡ್

ಸರ್, ಜಗತ್ತಿನ ಬೆನ್ನಿನ ಡಾಕ್ಟರುಗಳೂ ಇದೇ ವಿಷಯಕ್ಕೆ ಎರಡು ಪಂಗಡ ಆಗಿದ್ದಾರೆ. 2016ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನ ಬಂದವು.

ಒಂದು ಸ್ವೀಡನ್ನಿನದು, 247 ರೋಗಿಗಳು. ಅರ್ಧ ಜನಕ್ಕೆ ನರದ ದಾರಿ ಬಿಡಿಸಿದ್ದಷ್ಟೇ, ಇನ್ನರ್ಧಕ್ಕೆ ಅದರ ಜೊತೆ ಫ್ಯೂಷನ್. ಎರಡು ವರ್ಷದ ಮೇಲೆ ಆಸ್ವೆಸ್ಟ್ರಿ ಅಂಕ ಫ್ಯೂಷನ್ ಆದವರಲ್ಲಿ 27, ಆಗದವರಲ್ಲಿ 24. ಅಂದರೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಇಲ್ಲ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತಲೂ ನೋಡಿದರು, ಅದೂ ಸಮ. ಐದು ವರ್ಷ ಕಳೆದರೂ ಅದೇ. ಮತ್ತೆ ಆಪರೇಷನ್ ಬೇಕಾದವರು ಎರಡೂ ಕಡೆ ಹತ್ತಿರ ಹತ್ತಿರ ನೂರಕ್ಕೆ 21–22.

ಇನ್ನೊಂದು ಅಮೆರಿಕದ್ದು. ಬರೀ 66 ಜನ, ಎಲ್ಲರಿಗೂ ಮಣಿ ಸ್ವಲ್ಪ ಜಾರಿತ್ತು. ಎಸ್‌ಎಫ್-36ರ ದೈಹಿಕ ಅಂಕ ಫ್ಯೂಷನ್ ಆದವರಲ್ಲಿ 15.2 ಏರಿತು, ಆಗದವರಲ್ಲಿ 9.5. ಇಲ್ಲಿ ಫ್ಯೂಷನ್ ಗೆದ್ದಿತು. ಆದರೆ ಅದೇ ರೋಗಿಗಳ ಆಸ್ವೆಸ್ಟ್ರಿ ಅಂಕ ನೋಡಿದರೆ ಎರಡು ವರ್ಷಕ್ಕೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಯಾವ ಫಾರಂ ಕೈಯಲ್ಲಿ ಹಿಡಿದಿದ್ದೀರಿ ಅನ್ನುವುದರ ಮೇಲೆ ಉತ್ತರವೇ ಬದಲಾಯಿತು. ಇದನ್ನು ಓದಿದ ದಿನ ನನಗೆ ನಿದ್ದೆ ಹತ್ತಲಿಲ್ಲ.

2021ರಲ್ಲಿ ನಾರ್ವೆಯವರು ಮಣಿ ಜಾರಿದ 267 ಜನರನ್ನೇ ತೆಗೆದುಕೊಂಡರು. ಆಸ್ವೆಸ್ಟ್ರಿ ಅಂಕದಲ್ಲಿ ನೂರಕ್ಕೆ 30ರಷ್ಟಾದರೂ ಸುಧಾರಿಸಿದವರು ಎಷ್ಟು ಅಂತ ನೋಡಿದರು. ನರ ಬಿಡಿಸಿದ್ದಷ್ಟೇ ಆದವರಲ್ಲಿ ನೂರಕ್ಕೆ 71.4, ಫ್ಯೂಷನ್ನೂ ಆದವರಲ್ಲಿ 72.9.

ಹಾಗಾಗಿ ನನ್ನ ಅಭಿಪ್ರಾಯ, ನಿಮ್ಮಂಥ ಕೇಸಿನಲ್ಲಿ ಸ್ಕ್ರೂ ಯಾಕೆ ಬೇಕು ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ.

ಆರ್ಥೋ ಪಿಜಿ

ಮೇಲಿನ ಅಂಕಿಅಂಶ ಸರಿ ಇದೆ. ಆದರೆ ಇದನ್ನು ಓದಿ ಜನ ಫ್ಯೂಷನ್ ಅಂದರೆ ಮೋಸ ಅಂದುಕೊಂಡರೆ ದೊಡ್ಡ ಅನಾಹುತ ಆಗುತ್ತದೆ.

ಫಿಸಿಯೋ ಅವರೇ, ನೀವು ಹೇಳಿದ ಅಮೆರಿಕದ ಅಧ್ಯಯನದಲ್ಲೇ ಇನ್ನೊಂದು ಲೆಕ್ಕ ಇದೆ, ಅದನ್ನು ನೀವು ಬಿಟ್ಟಿರಿ. ನಾಲ್ಕು ವರ್ಷದಲ್ಲಿ ಮತ್ತೆ ಆಪರೇಷನ್ ಟೇಬಲ್ಲಿಗೆ ಬಂದವರು ಫ್ಯೂಷನ್ ಆದವರಲ್ಲಿ ನೂರಕ್ಕೆ 14, ಆಗದವರಲ್ಲಿ 34. ಸಾಲ ಮಾಡಿ ಒಮ್ಮೆ ಆಪರೇಷನ್ ಮಾಡಿಸಿದ ಕುಟುಂಬಕ್ಕೆ ಎರಡನೇ ಆಪರೇಷನ್ ಅಂದರೆ ಏನು ಅಂತ ನಾನು ವಾರ್ಡಿನಲ್ಲಿ ನೋಡುತ್ತೇನೆ.

ಆ ಅಧ್ಯಯನಗಳಲ್ಲಿ ಇದ್ದವರು ವಯಸ್ಸಿನಿಂದ ಮಣಿ ಸವೆದವರು. ಬಾವಿಯಲ್ಲಿ ಬಿದ್ದು ಮಣಿ ಮುರಿದುಕೊಂಡವರು ಅಲ್ಲ. ನಮ್ಮಲ್ಲಿ ಬೆನ್ನೆಲುಬಿನ ಟಿಬಿ ಇನ್ನೂ ಇದೆ. ಅದಕ್ಕೆ ಮುಖ್ಯ ಚಿಕಿತ್ಸೆ ಟಿಬಿ ಮಾತ್ರೆಗಳೇ. ಆದರೆ ಮಣಿ ಕರಗಿ ಬೆನ್ನು ಗೂನಾಗುತ್ತಿದ್ದರೆ, ಕಾಲಿನ ಬಲ ಹೋಗುತ್ತಿದ್ದರೆ, ಸ್ಕ್ರೂ ಹಾಕಿ ನಿಲ್ಲಿಸಲೇಬೇಕಾಗುತ್ತದೆ. ಗಡ್ಡೆ, ಬೆನ್ನು ಸೊಟ್ಟ ಆಗಿರುವ ಮಕ್ಕಳು, ಬಾಗಿದಾಗ ಎದ್ದಾಗ ಮಣಿ ಅಲುಗಾಡುತ್ತಿರುವವರು, ಇವರೆಲ್ಲರ ಲೆಕ್ಕ ಬೇರೆ.

ಮೇಷ್ಟ್ರೇ, ನೀವು ಇಬ್ಬರು ಡಾಕ್ಟರಿಗೂ ಒಂದೇ ಪ್ರಶ್ನೆ ಹಾಕಿ: "ನಿಂತು, ಮುಂದೆ ಬಾಗಿ, ಹಿಂದೆ ಬಾಗಿ ತೆಗೆದ ಎಕ್ಸ್‌ರೇಯಲ್ಲಿ ನನ್ನ ಮಣಿ ಅಲುಗಾಡುತ್ತಿದೆಯಾ?" ಎಂಆರ್‌ಐ ತೆಗೆಯುವುದು ಮಲಗಿಸಿ. ಅದರಲ್ಲಿ ಅಲುಗಾಟ ಗೊತ್ತಾಗದೆ ಹೋಗಬಹುದು. ನಿಮ್ಮ ತೊಂದರೆ ಜಾಸ್ತಿ ಕಾಲಿನದಾ, ಸೊಂಟದ್ದಾ ಅನ್ನುವುದನ್ನೂ ಸರಿಯಾಗಿ ಹೇಳಿ. ಇಬ್ಬರ ಉತ್ತರ ಯಾಕೆ ಬೇರೆ ಅಂತ ಅಲ್ಲಿಂದ ತಿಳಿಯುತ್ತದೆ.

ಫಿಸಿಯೋ, ಸೇಡಂ ರೋಡ್

ಟಿಬಿ, ಮುರಿತದ ಮಾತು ಪೂರ್ತಿ ಒಪ್ಪುತ್ತೇನೆ ಡಾಕ್ಟರೇ. ಎರಡನೇ ಆಪರೇಷನ್ನಿನ ಭಾರವೂ ದೊಡ್ಡದೇ. ಆದರೆ ಸ್ವೀಡನ್ನಿನ ದೊಡ್ಡ ಗುಂಪಿನಲ್ಲಿ ಆ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಇಲ್ಲೇ ಹೇಳಬೇಕು.

ನನ್ನ ಆತಂಕ ಇರುವುದು ಬರೀ ಸೊಂಟ ನೋವಿಗೆ, ಕಾಲಿಗೆ ಸೆಳೆತ ಇಲ್ಲದವರಿಗೆ ಫ್ಯೂಷನ್ ಹೇಳುವ ಬಗ್ಗೆ. 2005ರಲ್ಲಿ ಬ್ರಿಟನ್ನಿನಲ್ಲಿ 349 ಜನರ ಮೇಲೆ ಅಧ್ಯಯನ ಆಯಿತು. ಒಂದು ಕಡೆ ಆಪರೇಷನ್, ಇನ್ನೊಂದು ಕಡೆ ಗಟ್ಟಿಯಾದ ವ್ಯಾಯಾಮ ಮತ್ತು ಧೈರ್ಯ ತುಂಬುವ ಮಾತುಕತೆ. ಎರಡೂ ಗುಂಪು ಸುಧಾರಿಸಿದವು. ಆಸ್ವೆಸ್ಟ್ರಿಯಲ್ಲಿ ನಡುವಿನ ಅಂತರ 4 ಅಂಕ ಅಷ್ಟೇ. ರೋಗಿಗೆ "ಹೌದು, ಫರಕು ಬಿತ್ತು" ಅನ್ನಿಸಲು 10 ಅಂಕವಾದರೂ ಬದಲಾಗಬೇಕು ಅನ್ನುವುದು ಈಗ ಹೆಚ್ಚಾಗಿ ಬಳಸುವ ಅಳತೆ.

ಶಹಾಬಾದಿನವನು

ನನ್ನ ತಮ್ಮ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಫ್ಯೂಷನ್ ಆಗಿ ವರ್ಷ ಕಳೆದಿದೆ. ನೋವು ಹೋಗಿಲ್ಲ, ಎಲುಬು ಇನ್ನೂ ಕೂಡಿಲ್ಲ ಅಂತಿದ್ದಾರೆ. ಗುಟ್ಕಾ ಬಿಡು ಅಂತ ಆವಾಗಲೇ ಹೇಳಿದ್ದರಂತೆ, ಅವನು ಬಿಟ್ಟಿಲ್ಲ. ಬೀಡಿಯೂ ಇದೆ. ಅದಕ್ಕೂ ಎಲುಬಿಗೂ ಏನು ಸಂಬಂಧ? ವಾಪಸ್ ಕೆಲಸಕ್ಕೆ ಹೋಗಬಹುದಾ? ಮನೆ ನಡೆಯುವುದೇ ಅವನ ಕೂಲಿಯಿಂದ.

ಆರ್ಥೋ ಪಿಜಿ

ನೇರ ಸಂಬಂಧ ಇದೆ ಅಣ್ಣ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಸ ಎಲುಬು ಬೆಳೆಯಲು ರಕ್ತ ಬೇಕು. ಧೂಮಪಾನ ಮಾಡುವವರಲ್ಲಿ ಎಲುಬು ಕೂಡದೆ ಉಳಿಯುವುದು ಜಾಸ್ತಿ, ಇದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಗುಟ್ಕಾದಲ್ಲೂ ಇರುವುದು ಅದೇ ನಿಕೋಟಿನ್. ಬೀಡಿ ಬಿಟ್ಟು ಗುಟ್ಕಾ ಹಿಡಿದರೆ ಏನೂ ಲಾಭ ಇಲ್ಲ. ಈಗ ಬಿಟ್ಟರೂ ತಡವಾಗಿಲ್ಲ. ತಮ್ಮನನ್ನು ಬೈಯಬೇಡಿ, ಜಿಲ್ಲಾ ಆಸ್ಪತ್ರೆಯ ತಂಬಾಕು ಬಿಡಿಸುವ ವಿಭಾಗಕ್ಕೆ ಕರೆದುಕೊಂಡು ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹತೋಟಿಗೆ ತರಬೇಕು. ಇಲ್ಲದಿದ್ದರೆ ಸೋಂಕಿನ ಅಪಾಯ.

ಎಲುಬು ಕೂಡದೆ ಖಣಿ ಕೆಲಸಕ್ಕೆ ಕಳಿಸಬೇಡಿ. ಸ್ಕ್ರೂ ಸಡಿಲಾಗುತ್ತದೆ, ರಾಡ್ ಮುರಿಯಲೂಬಹುದು. ಮತ್ತೆ ಕೆಲಸಕ್ಕೆ ಮರಳಿದರಾ ಅನ್ನುವುದನ್ನೂ ಈಗ ಸಂಶೋಧಕರು ಫಲಿತಾಂಶವಾಗಿ ಎಣಿಸುತ್ತಾರೆ. ಮೇಜಿನ ಕೆಲಸದವರು ಬೇಗ ಮರಳುತ್ತಾರೆ, ಭಾರ ಎತ್ತುವವರು ತಡವಾಗಿ, ಕೆಲವರು ಮರಳುವುದೇ ಇಲ್ಲ. ಆಪರೇಷನ್ನಿಗೆ ಮುಂಚೆಯೇ ಇದನ್ನು ಕೂಲಿಯವರಿಗೆ ಬಿಡಿಸಿ ಹೇಳಬೇಕು. ನಾವು ಡಾಕ್ಟರುಗಳು ಅಲ್ಲಿ ಸಾಲದಾಗಿದ್ದೇವೆ.

ಬೀದರ್ ಕಡೆಯವರು

ನನ್ನದು ಒಳ್ಳೆಯ ಅನುಭವ, ಅದೂ ಇಲ್ಲಿ ಇರಲಿ. ಬ್ಯಾಂಕಿನಲ್ಲಿ ಕೆಲಸ. ಎರಡು ಹಂತದ ಫ್ಯೂಷನ್. ಈಗ ಬೀದರ್–ಕಲಬುರಗಿ ರೈಲಿನಲ್ಲಿ ಆರಾಮಾಗಿ ಓಡಾಡುತ್ತೇನೆ. ಟಂಟಂ ಮಾತ್ರ ಹತ್ತುವುದಿಲ್ಲ, ಆ ರಸ್ತೆ ಗುಂಡಿಗಳಿಗೆ ಸೊಂಟ ಒಪ್ಪುವುದಿಲ್ಲ.

ಆದರೆ ಮೊದಲ ಕೆಲವು ತಿಂಗಳು ನನ್ನನ್ನು ಹಿಂಡಿದ್ದು ನೋವಿಗಿಂತ ಹೆದರಿಕೆ. ಬೇಸಿಗೆ ಬೇರೆ. ಸೊಂಟದ ಬೆಲ್ಟ್ ಒಳಗೆ ಬೆವರು ಇಳಿದು ಚರ್ಮ ಕೆಂಪಾಗಿ ಉರಿಯುತ್ತಿತ್ತು, ಆದರೂ ಬಿಚ್ಚಲು ಧೈರ್ಯ ಇಲ್ಲ. ಬಿಚ್ಚಿದರೆ ಸ್ಕ್ರೂ ಜಾರುತ್ತದೆ ಅಂತ ಮನಸ್ಸಿಗೆ ಬಂದುಬಿಟ್ಟಿತ್ತು. ಪೆನ್ನು ಬಿದ್ದರೆ ಹೆಂಡತಿಯನ್ನು ಕರೆಯುತ್ತಿದ್ದೆ. ಮಗನನ್ನು ಎತ್ತಿಕೊಳ್ಳಲಿಲ್ಲ. ಡಾಕ್ಟರು ಬೆಲ್ಟ್ ಸಾಕು ಅಂದ ಮೇಲೂ ಹಾಕಿಕೊಂಡೇ ಇದ್ದೆ. ನಮ್ಮ ಫಿಸಿಯೋ ಮೇಡಂ ಒಂದಿನ ಕೂರಿಸಿಕೊಂಡು "ನಿಮಗೆ ಏನಾಗುತ್ತದೆ ಅಂತ ಭಯ?" ಅಂತ ಕೇಳಿದರು. ಅಷ್ಟು ದಿನದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅಲ್ಲಿಂದ ಸುಧಾರಿಸಿದೆ.

ಫಿಸಿಯೋ, ಸೇಡಂ ರೋಡ್

ಸರ್, ನೀವು ಬರೆದದ್ದು ಈಗ ಸಂಶೋಧನೆಯಲ್ಲಿ ದೊಡ್ಡ ವಿಷಯ. ಆಪರೇಷನ್ನಿಗೆ ಮುಂಚೆ ಬೇಸರ, ಆತಂಕ ಇದ್ದವರಲ್ಲಿ ಆಮೇಲಿನ ಅಂಕಗಳೂ ಕಡಿಮೆ ಸುಧಾರಿಸುತ್ತವೆ ಅಂತ ಅಧ್ಯಯನದ ಮೇಲೆ ಅಧ್ಯಯನ ಹೇಳುತ್ತಿವೆ. 2016ರಲ್ಲಿ ಅಮೆರಿಕದಲ್ಲಿ ಬೆನ್ನಿನ ಆಪರೇಷನ್ ಆಗಿದ್ದ, ಅಲುಗಾಡಲು ಹೆದರುತ್ತಿದ್ದ 86 ಜನರ ಮೇಲೆ ಒಂದು ಪ್ರಯೋಗ ಆಯಿತು. ಫಿಸಿಯೋಗಳೇ ಆರು ವಾರ ಅವರ ಭಯದ ಬಗ್ಗೆ ಮಾತಾಡಿದರು, ಚಿಕ್ಕ ಚಿಕ್ಕ ಗುರಿ ಕೊಟ್ಟರು. ಮೊದಲ ಭೇಟಿ ಮುಖಾಮುಖಿ, ಆಮೇಲೆ ಫೋನಿನಲ್ಲೇ. ಬರೀ ತಿಳಿವಳಿಕೆ ಕೊಟ್ಟ ಗುಂಪಿಗಿಂತ ಇವರ ನೋವು, ತೊಂದರೆ ಎರಡೂ ಜಾಸ್ತಿ ಇಳಿದವು. ಫೋನ್ ಅನ್ನುವುದನ್ನು ಗಮನಿಸಿ. ಅಫಜಲಪುರದ ಹಳ್ಳಿಯವರು ವಾರವಾರ ಬಸ್ ಹತ್ತಿ ಇಲ್ಲಿಗೆ ಬರಬೇಕಾಗಿಲ್ಲ. ನಾನು ಇದನ್ನು ನಮ್ಮಲ್ಲಿ ಶುರು ಮಾಡಿದ್ದೇನೆ.

ಬೇರೆ ಹೊಸ ದಿಕ್ಕುಗಳೂ ಇವೆ. ಕೈಗಡಿಯಾರದಂಥ ಸಾಧನ ಕಟ್ಟಿ ದಿನಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸುವುದು, ಕಂಪ್ಯೂಟರಿನಿಂದ "ಈ ರೋಗಿಗೆ ಎಷ್ಟು ಲಾಭ ಆದೀತು" ಅಂತ ಅಂದಾಜು ಹಾಕುವುದು. ಸ್ವೀಡನ್ನಿನಲ್ಲಿ 1990ರ ದಶಕದಿಂದಲೇ ಬೆನ್ನಿನ ಆಪರೇಷನ್ ಆದವರ ಅಂಕ ಬರೆದಿಡುವ ರಾಷ್ಟ್ರೀಯ ದಾಖಲೆ ಇದೆ. ಪ್ರಬಂಧಗಳು ಹೆಚ್ಚಾಗಿ ಬರುವುದು ಅಮೆರಿಕದಿಂದ, ಇತ್ತೀಚೆಗೆ ಚೀನಾದಿಂದಲೂ. ಅವರ ಕಂಪ್ಯೂಟರಿನ ಅಂದಾಜು ನೆಲದ ಮೇಲೆ ಕೂರುವವರಿಗೆ ಹೊಂದುತ್ತದಾ? ನಮ್ಮವರ ಲೆಕ್ಕ ನಾವು ಬರೆದಿಡದಿದ್ದರೆ ಅದು ಗೊತ್ತಾಗುವುದೇ ಇಲ್ಲ.

ಆಳಂದದ ಮಗಳು

ಅಣ್ಣಾ, ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ಮನೆಯಲ್ಲೇ ಬರೆದಿಡುವುದು ಹೇಗೆ? ನಮ್ಮ ಕಾಕುಗೂ ಇದೇ ಆಪರೇಷನ್ ಹೇಳಿದ್ದಾರೆ. ಅವರದಾದರೂ ಮೊದಲಿಂದ ಬರೆಯೋಣ ಅಂತ.

ಫಿಸಿಯೋ, ಸೇಡಂ ರೋಡ್

ನೀವೇ ಓದಿ ಹೇಳಿ, ಅವರು ಹೇಳಿದ್ದನ್ನು ಬರೆಯಿರಿ. ಅವರ ಬದಲು ನೀವು ಉತ್ತರ ಕೊಡಬೇಡಿ. "ಅಲ್ಲ ಬಿಡು ಕಾಕು, ನೀ ಚಲೋ ನಡೀತಿ" ಅಂತ ತಿದ್ದಲೂಬೇಡಿ. ಮೊದಲ ಸಲ ಆಪರೇಷನ್ನಿಗೆ ಮುಂಚೆ. ಇದು ತಪ್ಪಿದರೆ ಆಮೇಲಿನದಕ್ಕೆ ಹೋಲಿಸಲು ಏನೂ ಇರುವುದಿಲ್ಲ. ಆಮೇಲೆ 3 ತಿಂಗಳಿಗೆ, 6 ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ. ಪ್ರತಿ ಸಲವೂ ಒಬ್ಬರೇ ಕೇಳಿದರೆ ಒಳ್ಳೆಯದು.

ಫಾರಂನಲ್ಲಿ ಇಲ್ಲದ್ದನ್ನು ಕೆಳಗೆ ಸೇರಿಸಿ. ನೆಲದ ಮೇಲೆ ಎಷ್ಟು ಹೊತ್ತು ಕೂರುತ್ತಾರೆ, ಎಷ್ಟು ರೊಟ್ಟಿ ಬಡಿಯುತ್ತಾರೆ, ಬಯಲಿಗೆ ಅಥವಾ ಶೌಚಕ್ಕೆ ಕೂತು ಏಳಲು ಕೈ ಆಸರೆ ಬೇಕಾ. "ಈ ಆಪರೇಷನ್ನಿನಿಂದ ನಿನಗೆ ಮುಖ್ಯವಾಗಿ ಏನು ಮರಳಿ ಬೇಕು?" ಅಂತ ಕೇಳಿ, ಅವರ ಮಾತಿನಲ್ಲೇ ಬರೆದು ಆ ಹಾಳೆಯನ್ನು ಆಪರೇಷನ್ನಿಗೆ ಮುಂಚೆ ಡಾಕ್ಟರ ಕೈಗೆ ಕೊಡಿ. ಅದು ಆಗುವ ಮಾತಾ ಇಲ್ಲವಾ ಅಂತ ಅವರು ಆವಾಗಲೇ ಹೇಳಬೇಕು.

ಚಿಂಚೋಳಿ ತಾಲ್ಲೂಕು

ಇದನ್ನೆಲ್ಲ ಓದಿ, ಆಪರೇಷನ್ನಿಗೆ ಅವಸರ ಬೇಡ ಅಂತ ಮನೆಯಲ್ಲಿ ಮಾತಾಡಿಕೊಂಡೆವು. ಅಪ್ಪನಿಗೆ ಡಿಸ್ಕ್ ಜಾರಿದೆ ಅಂದಿದ್ದರು. ನಿನ್ನೆ ರಾತ್ರಿಯಿಂದ ಎರಡೂ ಕಾಲು ಜೋಮು ಹಿಡಿದಿವೆ. ಕೂರುವ ಜಾಗದಲ್ಲಿ ಮುಟ್ಟಿದರೆ ಗೊತ್ತಾಗುತ್ತಿಲ್ಲ ಅನ್ನುತ್ತಾರೆ. ಬೆಳಗಿನಿಂದ ಮೂತ್ರ ಹೋಗಿಲ್ಲ. ಮೊದಲು ವ್ಯಾಯಾಮ ಮಾಡಿಸಿ ನೋಡಬಹುದಾ?

ಆರ್ಥೋ ಪಿಜಿ

ಬೇಡ. ಈಗಲೇ ಹೊರಡಿ. ಇದು ಕೆಳಗಿನ ನರಗಳ ಗೊಂಚಲೇ ಒತ್ತಿಕೊಂಡಿರುವ ಲಕ್ಷಣ. ಮೇಲೆ ನಾವು ಮಾಡಿದ ವಾದ ಯಾವುದೂ ಇದಕ್ಕೆ ಅನ್ವಯಿಸುವುದಿಲ್ಲ. ಎಷ್ಟು ಬೇಗ ನರದ ಒತ್ತಡ ಬಿಡಿಸುತ್ತಾರೋ ಅಷ್ಟು ಒಳ್ಳೆಯದು. 48 ಗಂಟೆಯ ಒಳಗೆ ಅಂತ ಪುಸ್ತಕದಲ್ಲಿದೆ, ಆದರೆ ಅಷ್ಟು ಹೊತ್ತು ಇದೆ ಅಂತ ಕೂರಬೇಡಿ, ನಿಮ್ಮದು ರಾತ್ರಿಯಿಂದಲೇ ಶುರುವಾಗಿದೆ. ತಡವಾದರೆ ಮೂತ್ರದ ಹಿಡಿತ ವಾಪಸ್ ಬರದೇ ಹೋಗಬಹುದು.

108ಕ್ಕೆ ಫೋನ್ ಮಾಡಿ, ಮಲಗಿಸಿಕೊಂಡೇ ಕರೆತನ್ನಿ. ಎಂಆರ್‌ಐ ಮತ್ತು ಬೆನ್ನಿನ ಆಪರೇಷನ್ ಎರಡೂ ಇರುವ ದೊಡ್ಡ ಆಸ್ಪತ್ರೆಗೇ ನೇರ ಬನ್ನಿ. ಎಮರ್ಜೆನ್ಸಿಯಲ್ಲಿ ಮೊದಲು ಹೇಳಬೇಕಾದ ಮಾತು: "ಮೂತ್ರ ನಿಂತಿದೆ, ಕೂರುವ ಜಾಗ ಮರಗಟ್ಟಿದೆ." ಊಟ ಕೊಡಬೇಡಿ, ಇವತ್ತೇ ಆಪರೇಷನ್ ಆಗಬಹುದು. ಹಳೆಯ ಎಂಆರ್‌ಐ ಫಿಲ್ಮ್, ದಿನ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಹೊರಟ ಮೇಲೆ ಇಲ್ಲಿ ಬರೆಯಿರಿ.

ಫಿಸಿಯೋ, ಸೇಡಂ ರೋಡ್

ಡಾಕ್ಟರು ಹೇಳಿದ್ದೇ ಸರಿ, ವ್ಯಾಯಾಮ ಬೇಡವೇ ಬೇಡ. 108 ಬರುವುದು ತಡ ಅಂದರೆ ಊರಿನ ಯಾವುದಾದರೂ ಜೀಪ್ ಹಿಡಿಯಿರಿ, ಹಿಂದೆ ಗಾದಿ ಹಾಸಿ ಮಲಗಿಸಿ. ಇಲ್ಲಿಗೆ ಬಂದ ಮೇಲೆ ಓಡಾಡಲು ಜನ ಬೇಕಾದರೆ ಸಂದೇಶ ಹಾಕಿ, ನಾನು ಬರುತ್ತೇನೆ.